ಹನ್ನೊಂದು ಗಂಟೆಯ ಕಿಂಡಿ

ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಎದುರಿನ ಸೈಬರ್ ಕೆಫೆಯಲ್ಲಿ ಮಲಕಾರಿ ಎಂದಿನಂತೆ ಮೂಲೆಯ ಕಂಪ್ಯೂಟರ್ ಹಿಡಿದ. ಗಂಟೆ ಹನ್ನೊಂದು. ತೆರೆದದ್ದು ಅಥಣಿಯ ದ್ರಾಕ್ಷಿ ಬೆಳೆಗಾರರ ಸಂಘವೊಂದರ ವೆಬ್‌ಸೈಟು.

ರೋಗ ಬಿದ್ದ ಎಲೆಯ ಫೋಟೋ ಕಳಿಸಲು ಅಲ್ಲಿ ಪ್ಲಗಿನ್ ಎಂಬ ಸಣ್ಣ ಸಲಕರಣೆ ಇತ್ತು. ಫೋಟೋದ ಹೆಸರನ್ನು ಅದು ಪರೀಕ್ಷಿಸದೆ ಸರ್ವರಿಗೆ ದಾಟಿಸುತ್ತಿತ್ತು. ಹೆಸರಿನ ಬಾಲಕ್ಕೆ ಆಜ್ಞೆಯೊಂದನ್ನು ಅಂಟಿಸಿದರೆ ಸರ್ವರು ಅದನ್ನೂ ಪಾಲಿಸುತ್ತಿತ್ತು; ಅದೇ ಅವನ ಕಿಂಡಿ. ಮನಸ್ಸು ಮಾಡಿದರೆ ಇಡೀ ಸೈಟನ್ನೇ ಅಳಿಸಿಹಾಕಬಹುದಿತ್ತು. ಮಲಕಾರಿ ಕೇಳುತ್ತಿದ್ದದ್ದು ಒಂದೇ: ಈಗ ಒಳಗೆ ಯಾರಿದ್ದಾರೆ?

ಉತ್ತರವೂ ಒಂದೇ. ಕುಸುಮ. ಆ ಸೈಟು ನೋಡಿಕೊಳ್ಳುವವಳು.

ಆ ಹೆಸರನ್ನು ಒಂದು ಗಳಿಗೆ ನೋಡಿ ಅವನು ಎದ್ದುಬಿಡುತ್ತಿದ್ದ. ಆಮೇಲೆ ದಿನವಿಡೀ ಬಾಯಿ ಬಿಡಲು ಮನೆಯಲ್ಲಿ ಯಾರೂ ಇರಲಿಲ್ಲ.

"ದಿನಾ ಯಾರ್ನ ಹುಡುಕ್ತೀರಿ ಸರ?" ಕೆಫೆಯ ಭರಮು ಒಮ್ಮೆ ಕೇಳಿದ್ದ.

"ಯಾರ್ನೂ ಇಲ್ಲ."

ನಾಲ್ಕು ವರ್ಷದ ಹಿಂದೆ, ತಾನು ಮೆಚ್ಚಿದವನನ್ನು ಮದುವೆಯಾಗಿ ಕುಸುಮ ಮನೆ ಬಿಟ್ಟು ಹೊರಟ ದಿನ, "ನಿನ್ನ ಮಾರಿ ನೋಡೂದಿಲ್ಲ" ಎಂದು ಮಲಕಾರಿ ಹೇಳಿದ್ದ. ಅವಳ ಫೋನ್ ನಂಬರು ಈಗಲೂ ಬಾಯಿಪಾಠ. ಹಚ್ಚಲು ಮಾತ್ರ ಕೈ ಏಳುತ್ತಿರಲಿಲ್ಲ.

ಇಂದು ಅವಳ ಹೆಸರು ಮೂಡಲಿಲ್ಲ. "ಫೋಟೋದ ಹೆಸರು ಸರಿಯಾಗಿಲ್ಲ" ಎಂಬ ಸಾಲು ಬಂತು. ಮತ್ತೆ ಒತ್ತಿದ. ಅದೇ ಸಾಲು.

ಕಿಂಡಿ ಮುಚ್ಚಿದವರು ಯಾರು? ಅವಳೇನಾ? ಅವಳ ಜಾಗಕ್ಕೆ ಬಂದ ಬೇರೆ ಯಾರೋ? ಅವಳಿಗೇನಾದರೂ ಆಯಿತೆ? ಮಲಕಾರಿ ಎದ್ದು ಎದುರಿನ ಬಸ್‌ಸ್ಟ್ಯಾಂಡಿಗೆ ನಡೆದ. ಚಿಕ್ಕೋಡಿಯ ಬಸ್ಸು ಹತ್ತಿದ, ಅಲ್ಲಿಂದ ಅಥಣಿಯದು. ದಾರಿಯುದ್ದಕ್ಕೂ ಹೇಳಬೇಕಾದ ಸುಳ್ಳುಗಳನ್ನು ಹೊಸೆದ. ಒಂದೂ ನಿಲ್ಲಲಿಲ್ಲ.

ಸಂಘದ ಕಚೇರಿಯ ಮೆಟ್ಟಿಲ ಮೇಲೆ ಕುಸುಮ ನಿಂತಿದ್ದಳು. ಬೆಚ್ಚಲಿಲ್ಲ, ಕೂಗಲಿಲ್ಲ.

"ಪೊಲೀಸರಿಗೆ ಹೇಳಿದ್ದೀಯೇನು?" ಮಲಕಾರಿ ಕೇಳಿದ.

"ಸರ್ವರಿನ ದಾಖಲೆಯೊಳಗ ಆರು ತಿಂಗಳಿಂದ ನೋಡಾಕತ್ತೀನಿ. ದಿನಾ ಹನ್ನೊಂದಕ್ಕ, ನಮ್ಮ ನಿಪ್ಪಾಣಿಯಿಂದ. ಮುಚ್ಚೂದು ಹತ್ತು ನಿಮಿಷದ ಕೆಲಸ ಇತ್ತು."

"ಮತ್ತ ಯಾಕ ಬಿಟ್ಟಿದ್ದಿ?"

"ಮುಚ್ಚಿದ್ರ ನೀ ಬರೂದ ನಿಂತೀತಂತ ಅಂಜಿಕಿ." ಅವಳ ಕಣ್ಣು ತುಂಬಿತ್ತು. "ನಿನ್ನೆ ಧೈರ್ಯ ಮಾಡಿ ಮುಚ್ಚಿದೆ. ಇನ್ನರ ಬಾಗಿಲಿಂದ ಬರ್ತೀಯಂತ, ಅಪ್ಪಾ."