ಇಬ್ಬರು ಎತ್ತುವ ತೂಕ

"ಐವತ್ತೆರಡು. ಇಬ್ಬರು ಬನ್ರಪ್ಪಾ."

ಪಾರ್ಸೆಲ್ ಆಫೀಸಿನಲ್ಲಿ ಐವತ್ತು ಕಿಲೋ ದಾಟಿದ ಮೂಟೆಯನ್ನು ಒಬ್ಬನೇ ಎತ್ತುವಂತಿಲ್ಲ. ಅದಕ್ಕೇ ಕೌಂಟರಿನಲ್ಲಿ ಕೂತವಳು ತೂಕ ಕೂಗುವಾಗ ಎಷ್ಟು ಜನ ಬೇಕೆಂದೂ ಕೂಗುತ್ತಾಳೆ. ಹಮಾಲರ ಬಾಯಲ್ಲಿ ಅವಳು ತೂಕದಕ್ಕ. ವರ್ಷಗಟ್ಟಲೆ ಕೂಗಿ ಕೂಗಿ ಎಷ್ಟು ರೂಢಿಯಾಗಿತ್ತೆಂದರೆ, ಕಣ್ಣಿಗೆ ಅಂಕಿ ಬಿದ್ದರೆ ಸಾಕು, ತಲೆಯನ್ನು ಒಂದು ಮಾತೂ ಕೇಳದೆ ಬಾಯಿ ತಾನೇ ತೆರೆದುಕೊಳ್ಳುತ್ತಿತ್ತು. ತೂಕದ ಯಂತ್ರದ ಕಬ್ಬಿಣದ ಹಲಗೆ ಕೌಂಟರಿನ ಆಚೆ, ನೆಲದ ಮೇಲೆ. ಅಂಕಿ ತೋರುವ ಪೆಟ್ಟಿಗೆ ಮಾತ್ರ ಈಚೆ, ಅವಳ ಮೂಗಿನ ನೇರಕ್ಕೆ. ಹಲಗೆಯ ಮೇಲೆ ಏನಿದೆಯೆಂದು ಬಗ್ಗಿ ನೋಡುವ ಅಭ್ಯಾಸ ಅವಳಿಗಿರಲಿಲ್ಲ.

ಇಬ್ಬರು ಹಮಾಲರು ಓಡಿ ಬಂದರು. ಒಬ್ಬ ಹೆಗಲ ಮೇಲಿನ ಟವೆಲ್ಲು ಕೊಡವಿ, "ಅಕ್ಕಾ, ಇದನ್ನ ಯಾವ ಊರಿಗೆ ಕಳಿಸ್ಬೇಕು?" ಎಂದ. ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ತೂಕದಕ್ಕ ಎದ್ದು ಬಗ್ಗಿದಳು. ಹಲಗೆಯ ಮೇಲೆ ಅವಳ ಒಂಬತ್ತು ವರ್ಷದ ಮಗಳು ಕೂತಿದ್ದಳು. ಬೆಂಚುಗಳೆಲ್ಲ ತುಂಬಿದ್ದವು, ಪಾಪ, ಸ್ಕೂಲಿನಿಂದ ಅಪ್ಪನ ವ್ಯಾನಿನಲ್ಲಿ ಬಂದವಳಿಗೆ ಬೇರೆ ಜಾಗ ಸಿಕ್ಕಿರಲಿಲ್ಲ. ಅವಳೂ ನಗುತ್ತಿದ್ದಳು. ಎಲ್ಲರೂ ನಗುವಾಗ ತಾನೂ ನಕ್ಕುಬಿಡುವುದನ್ನು ಅವಳು ತರಗತಿಯಲ್ಲೇ ಕಲಿತಾಗಿತ್ತು.

ತೂಕದಕ್ಕ ಮೊದಲು ಮಾಡಿದ ಕೆಲಸವೆಂದರೆ ಆ ಅಂಕಿಯ ಮೇಲೆ ಅಂಗೈ ಇಟ್ಟು ಮುಚ್ಚಿದ್ದು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ತಲೆ ಎತ್ತಿದರೆ ಬಾಗಿಲಲ್ಲಿ ಗಂಡ. ಸರಕಿನ ವ್ಯಾನು ನಿಲ್ಲಿಸಿ, ಮಗಳ ನೀರಿನ ಬಾಟಲಿ ಹಿಡಿದು ಒಳಗೆ ಬಂದವನು ಕೇಳಬೇಕಾದ್ದನ್ನೆಲ್ಲ ಕೇಳಿಸಿಕೊಂಡಿದ್ದ. ಸಾಲು ಕರಗಿ ಶಟರು ಅರ್ಧ ಇಳಿಯುವವರೆಗೆ ಇಬ್ಬರೂ ಹಲ್ಲು ಕಚ್ಚಿ ತಡೆದುಕೊಂಡರು. ಆಮೇಲೆ ಶುರುವಾಯಿತು.

"ಹೆತ್ತ ಮಗಳನ್ನ ಮೂಟೆ ಥರ ಕೂಗ್ತೀಯಲ್ಲ, ನಿಂಗೆ ಏನು ಬಂದಿದೆ?"

"ಮೂಟೆ ಮಾಡಿದ್ದು ಯಾರು? ದಿನಾ ದಾರೀಲಿ ಚಿಪ್ಸು, ಕೂಲ್‌ಡ್ರಿಂಕು ನಾನು ಕೊಡಿಸ್ತೀನಾ?"

"ನಾಲ್ಕು ಅಂಗಡಿಗೆ ಮಾಲು ಇಳಿಸ್ಬೇಕು ನಾನು. ಅಲ್ಲೀವರೆಗೂ ಅವಳು ವ್ಯಾನಲ್ಲಿ ಸುಮ್ನೆ ಕೂರಬೇಡವಾ? ನಿನ್ನ ಡ್ರಾಯರಲ್ಲಿ ಏನಿದೆ, ಅದನ್ನ ಹೇಳು."

ಡ್ರಾಯರಿನಲ್ಲಿ ಸೀಲು, ಇಂಕಿನ ಪ್ಯಾಡು, ಅವುಗಳ ಹಿಂದೆ ಕ್ರೀಮ್ ಬಿಸ್ಕತ್ತಿನ ಪೊಟ್ಟಣಗಳು. ಅದು ಇಬ್ಬರಿಗೂ ಗೊತ್ತಿದ್ದ ವಿಷಯ.

"ಗಿರಾಕಿ ಎದುರಿಗೆ ಅಮ್ಮಾ ಅಮ್ಮಾ ಅಂತ ತಲೆ ತಿಂದ್ರೆ ನಾನು ಕೆಲಸ ಹೇಗ್ರೀ ಮಾಡ್ಲಿ? ಇನ್ನು ಮನೇಲಿ ನಿಮ್ಮಮ್ಮ. ಅವರಿಗೆ ಟೀವಿ ನೋಡೋಕೆ ಬಿಟ್ಟರೆ ಸಾಕು, ಮಗುಗೆ ಎಷ್ಟು ಸಲ ಬೇಕಾದ್ರೂ ಬಡಿಸ್ತಾರೆ."

"ನಮ್ಮಮ್ಮನ ಸುದ್ದಿಗೆ ಬರಬೇಡ."

"ಬಂದ್ರೆ ಏನ್ ಮಾಡ್ತೀರಾ?"

ಅವನು ಕೈಯಲ್ಲಿದ್ದ ಬಾಟಲಿಯನ್ನು ಕೌಂಟರಿನ ಮೇಲೆ ಕುಕ್ಕಿದ. ಕೌಂಟರಿನ ಮೂಲೆಯ ಸ್ಟೂಲಿನಿಂದ ಮಗಳ ದನಿ ಬಂತು.

"ಅಮ್ಮ, ಹಸಿವಾಗ್ತಿದೆ."

ಇಬ್ಬರ ಬಾಯಿಯೂ ಒಟ್ಟಿಗೆ ಕಟ್ಟಿತು. ಹಸಿದ ಮಗುವನ್ನು ಎದುರಿಗಿಟ್ಟುಕೊಂಡು ಕಚ್ಚಾಡುವಷ್ಟು ಕೆಟ್ಟವರೇನಲ್ಲ ಅವರು. ತೂಕದಕ್ಕ ಡ್ರಾಯರು ಎಳೆದಳು. ಪೊಟ್ಟಣ ಬಿಚ್ಚಲಾಗದೆ ಅವಳು ಒದ್ದಾಡುವಾಗ ಗಂಡನೇ ಇಸಿದುಕೊಂಡು ಹರಿದುಕೊಟ್ಟ. ಬಾಟಲಿಯ ಮುಚ್ಚಳವನ್ನೂ ತೆಗೆದಿಟ್ಟ. "ನಿಧಾನ ತಿನ್ನು ಪುಟ್ಟಿ," ಎಂದ. ಅವನ ದನಿ ಎಷ್ಟು ಮೆತ್ತಗಾಗಿತ್ತೆಂದರೆ, ಕ್ಷಣದ ಹೊತ್ತು ಆ ಧೂಳು ಹಿಡಿದ ಆಫೀಸು ಮನೆಯಂತೆ ಕಂಡಿತು.

ಮಗಳು ಅಗಿಯುತ್ತಿದ್ದಳು. ಅವಳ ಕಣ್ಣು ಬಿಸ್ಕತ್ತಿನ ಮೇಲಿರಲಿಲ್ಲ. ಅಪ್ಪನ ಮುಖ, ಅಮ್ಮನ ಮುಖ, ಮತ್ತೆ ಅಪ್ಪನ ಮುಖ. ಬಾಯಲ್ಲಿದ್ದದ್ದು ಬೇಗ ಗಂಟಲಿಗೆ ಇಳಿಯುತ್ತಿರಲಿಲ್ಲ. ಒಂದು ಗುಟುಕು ನೀರು ಕುಡಿದು ಹೇಗೋ ನುಂಗಿ ಇನ್ನೊಂದಕ್ಕೆ ಕೈ ಹಾಕಿದಳು. ತೂಕದಕ್ಕನಿಗೆ ಎಲ್ಲೋ ಚುರುಕ್ ಎಂದಿತು.

"ಈಗ ತಾನೇ ವ್ಯಾನಲ್ಲಿ ತಿಂದಿದೀಯಲ್ಲೇ. ನಿಜವಾಗ್ಲೂ ಹಸಿವಾ?"

"ಇಲ್ಲ."

"ಮತ್ಯಾಕೆ ತಿಂತಿದೀಯ?"

"ನಾನು ತಿಂತಾ ಇದ್ರೆ ನೀವಿಬ್ಬರೂ ಜಗಳ ಆಡಲ್ವಲ್ಲ."

ಗಂಟೆ ಎಷ್ಟೆಂದು ಕೇಳಿದರೆ ಹೇಳುವಷ್ಟೇ ಸಲೀಸಾಗಿ ಹೇಳಿದಳು. ಮನೆಯಲ್ಲಿ ದನಿ ಏರಿದಾಗಲೆಲ್ಲ ಒಳಕೋಣೆಯಿಂದ ಬರುತ್ತಿದ್ದ ಆ ಕೂಗು, ಹೋದ ವಾರ ಜಗಳದಲ್ಲಿ ತಟ್ಟೆ ಒಡೆದ ದಿನ ಊಟವಾದ ಮೇಲೂ ಬಂದ ಆ ಹಸಿವು, ಎಲ್ಲ ತೂಕದಕ್ಕನಿಗೆ ಒಂದೊಂದಾಗಿ ನೆನಪಾದವು. ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಅವಳ ಕೈಯಿಂದ ಆ ಪೊಟ್ಟಣ ತೆಗೆದಿಟ್ಟು, ಇನ್ನು ಮೇಲೆ ಹೀಗಾಗಲ್ಲ ಕಂದಾ ಅನ್ನಬೇಕೆಂದುಕೊಂಡಳು. ನಿಜವಾಗಿಯೂ ಅಂದುಕೊಂಡಳು.

"ಕೇಳಿಸ್ತಾ?" ಎಂದ ಗಂಡ. "ಎಲ್ಲ ನಿನ್ನ ಬಾಯಿಂದ."

ತಲೆಯನ್ನು ಕೇಳದೆ ಅವಳ ಬಾಯಿ ತೆರೆದುಕೊಂಡಿತು. "ನನ್ನ ಬಾಯಾ? ಮೊದಲು ಶುರು ಮಾಡಿದ್ದು ಯಾರು?"

ಮಗಳು ಕೈಯಲ್ಲಿದ್ದ ಪೊಟ್ಟಣದೊಳಗೆ ಎಷ್ಟು ಉಳಿದಿವೆಯೆಂದು ಇಣುಕಿ ನೋಡಿದಳು. ಈ ಜಗಳಕ್ಕೆ ಅಷ್ಟು ಸಾಲದು ಅನಿಸಿರಬೇಕು. ತೆರೆದೇ ಇದ್ದ ಡ್ರಾಯರಿಗೆ ಕೈ ಹಾಕಿ ಇನ್ನೊಂದನ್ನು ತೆಗೆದುಕೊಂಡಳು.