ಮೂವತ್ತೊಂದು ಕೆಂಪು ಗುರುತು

ಕಾಗದ ಹರಿಯುವ ಸದ್ದು ಮೈಕಿನಲ್ಲಿ ಕೇಳಬೇಕು. ಅದಕ್ಕೆಂದೇ ಉಷಾರಾಣಿ ಕುಶಾಲನಗರದ ಅಂಗಡಿಯಲ್ಲಿ ಕಾಣಿಕೆ ಸುತ್ತಲು ಗರಿಗರಿಯಾದ ಹಸಿರು ಕಾಗದ ಆರಿಸಿ ತಂದಿದ್ದಳು. ಒಳಗೆ ಗಾಜಿನ ಚೌಕಟ್ಟು. ಸರಸ್ವತಿಯ ಪಟವಿರಬೇಕೆಂದು ಎಲ್ಲರೂ ಅಂದುಕೊಂಡಿದ್ದರು.

ಹೈಸ್ಕೂಲು, ಪಿಯುಸಿ ಎರಡೂ ಒಂದೇ ಅಂಗಳದಲ್ಲಿದ್ದ ಆ ಕಾಲೇಜಿನಲ್ಲೊಂದು ಪದ್ಧತಿ. ಎರಡನೇ ಪಿಯುಸಿಯಲ್ಲಿ ಮೊದಲು ಬಂದವರು ಸನ್ಮಾನದ ದಿನ ತಮಗಿಷ್ಟವಾದ ಒಬ್ಬ ಶಿಕ್ಷಕರನ್ನು ವೇದಿಕೆಗೆ ಕರೆದು ಕಾಣಿಕೆ ಕೊಡಬೇಕು. ಉಷಾರಾಣಿ ಹತ್ತನೇ ತರಗತಿಯ ಮನೋರಮಾ ಮೇಡಂ ಹೆಸರು ಬರೆಸಿದ್ದಳು.

"ಅವರನ್ನಾ?" ಪಕ್ಕದಲ್ಲಿ ನಿಂತಿದ್ದ ವೀಣಾ ಬೆರಗಾದಳು. "ನಿನ್ನ ಒಂದು ವರ್ಷ ತಿಂದವರು ಕಣೇ ಅವರು!"

"ಅದಕ್ಕೇ," ಎಂದಳು ಉಷಾರಾಣಿ.

ವೀಣಾ ಅವಳ ನೆರೆಮನೆಯವಳು, ಹತ್ತನೇ ತರಗತಿಯವರೆಗೆ ಒಂದೇ ಬೆಂಚಿನವಳು. ಈಗ ಕಂಕುಳಲ್ಲೊಂದು ಮಗು, ಸೆರಗಿನ ಮರೆಯಲ್ಲಿ ಇನ್ನೊಂದು ಬಸಿರು. ಗೆಳತಿಯ ಸನ್ಮಾನ ನೋಡಲೆಂದು ಗಂಡನ ಮನೆಯಿಂದ ಬಂದಿದ್ದಳು.

ಹತ್ತನೇ ತರಗತಿಯ ಆ ವರ್ಷ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಇಬ್ಬರೂ ಬೆಳಿಗ್ಗೆ ಒಂದೇ ಜೀಪಿನಲ್ಲಿ ಚೆಟ್ಟಳ್ಳಿಯ ತೋಟಕ್ಕೆ ಹೋಗುತ್ತಿದ್ದರು. ಶಾಲೆಗೆ ಒಂದು ದಿನವೂ ತಪ್ಪಿಸಗೊಡದ ಅಮ್ಮ ವನಜಮ್ಮನೇ ಉಷಾರಾಣಿಯನ್ನು ಎಬ್ಬಿಸಿ ಕಳಿಸುತ್ತಿದ್ದಳು. "ಪರೀಕ್ಷೆ ಹತ್ರ ಬಂತಲ್ಲೇ," ಎಂದು ಅಪ್ಪ ತಿಮ್ಮಯ್ಯ ಅಂದರೂ ಕೇಳಲಿಲ್ಲ. ಮಧ್ಯಾಹ್ನ ಕೈ ಕಪ್ಪಗೆ ಮಾಡಿಕೊಂಡು ಇಬ್ಬರೂ ತರಗತಿಗೆ ಓಡುತ್ತಿದ್ದರು. ಪಿಕ್ಕಿಂಗ್ ಕಾಲದಲ್ಲಿ ತಡವಾಗಿ ಬಂದ ಮಕ್ಕಳಿಗೂ ಪೂರ್ತಿ ಹಾಜರಿ ಕೊಡುವುದು ಆ ಶಾಲೆಯ ವಾಡಿಕೆ. ವೀಣಾಳಿಗೆ ಕೊಟ್ಟರು. ಎಲ್ಲರಿಗೂ ಕೊಟ್ಟರು. ಉಷಾರಾಣಿಯ ಹೆಸರಿನ ಮುಂದೆ ಮಾತ್ರ ಕೆಂಪು ಶಾಯಿ. ಮೂವತ್ತೊಂದು ದಿನ. ಮಳೆಗಾಲದಲ್ಲಿ ಟೈಫಾಯ್ಡಿಗೆ ಮಲಗಿದ್ದ ದಿನಗಳೂ ಸೇರಿ ಹಾಜರಿ ಸಾಲದೆ ಹೋಯಿತು. ಹಾಲ್ ಟಿಕೆಟ್ ಬರಲಿಲ್ಲ.

ಅಪ್ಪ ಹೋಗಿ ಕೂಗಾಡಿದ. ಮೇಡಂ ತಲೆಯೆತ್ತದೆ, "ರೂಲ್ಸ್ ರೂಲ್ಸೇ," ಎಂದರಂತೆ.

ಮರುವರ್ಷ ಉಷಾರಾಣಿ ತನಗಿಂತ ಚಿಕ್ಕವರ ನಡುವೆ ಕೂತಳು. ಅವರು ಅವಳಿಗಿಟ್ಟ ಹೆಸರು ಫೇಲಕ್ಕ. ಹಬ್ಬಹಬ್ಬಕ್ಕೂ ಬಳೆ, ಸಿಹಿ ಹೊತ್ತು ಬರುತ್ತಿದ್ದ ಸೋದರತ್ತೆ ಸುಮಿತ್ರಮ್ಮ ಆಮೇಲೆ ಮನೆ ಮೆಟ್ಟಿಲು ಹತ್ತಲಿಲ್ಲ. ಅದೇ ಶ್ರಾವಣದಲ್ಲಿ ಮಗ ಧರ್ಮೇಶನಿಗೆ ಪಾಸಾದ ಹುಡುಗಿಯೇ ಬೇಕೆಂದು ವೀಣಾಳನ್ನು ತಂದುಕೊಂಡಳು. ಮದುವೆಗೆ ಬಾಯಿಮಾತಿಗೂ ಕರೆಯಲಿಲ್ಲ. ಓದಿನಲ್ಲಿ ಹಿಂದೆ ಬಿದ್ದವಳ ಮನೆ ಅಂದರೆ ಅಷ್ಟು ಸಸಾರ! ಆ ಅವಮಾನವನ್ನೂ ಉಷಾರಾಣಿ ಮೇಡಂ ತಲೆಗೇ ಕಟ್ಟಿದಳು.

ಎಲ್ಲಕ್ಕಿಂತ ಉರಿ ತರಿಸಿದ್ದು ಅಮ್ಮ. ಒಂದು ದಿನವೂ ಮೇಡಂ ಅವರನ್ನು ಬೈಯಲಿಲ್ಲ. ಬದಲಿಗೆ ವರ್ಷವರ್ಷವೂ ಹೊಲದ ಮೊದಲ ಅವರೆಕಾಯನ್ನು ಚೀಲಕ್ಕೆ ತುಂಬಿ ಅವರ ಮನೆಗೆ ಕೊಟ್ಟು ಬರುತ್ತಿದ್ದಳು. ಹೊಡೆದವರ ಕೈಯನ್ನೇ ಕಣ್ಣಿಗೊತ್ತಿಕೊಳ್ಳುವ ಹೇಡಿತನ. ತಾನು ಹಾಗಾಗಬಾರದೆಂದು ಹಲ್ಲು ಕಚ್ಚಿ ಓದಿದಳು. ಈಗ ಕೃಷಿ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಮುಂದಿನ ವಾರ ಹಾಸ್ಟೆಲು. ಹೊರಡುವ ಮುನ್ನ ಈ ಒಂದು ಕೆಲಸ ಬಾಕಿ.

"ನೀನೇ ಪುಣ್ಯವಂತೆ ಕಣೇ," ವೀಣಾ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. "ನನ್ನ ಮಾರ್ಕ್ಸ್ ಕಾರ್ಡು ಟ್ರಂಕಿನ ತಳದಲ್ಲಿದೆ. ಫಸ್ಟ್ ಕ್ಲಾಸು! ಇಲಿ ತಿಂದಿದೆಯೋ ಏನೋ."

ಮೈಕಿನಲ್ಲಿ ಹೆಸರು ಕೂಗಿದರು.

ಮನೋರಮಾ ಮೇಡಂ ನಗುತ್ತಲೇ ವೇದಿಕೆ ಹತ್ತಿದರು. ಕೂದಲು ಮೊದಲಿಗಿಂತ ಬೆಳ್ಳಗಾಗಿತ್ತು. ಉಷಾರಾಣಿ ಶಾಲು ಹೊದಿಸಿ, ಕಾಣಿಕೆಯನ್ನು ಕೈಗಿತ್ತಳು.

"ಇಲ್ಲೇ ಬಿಚ್ಚಿ ಮೇಡಂ. ಎಲ್ರೂ ನೋಡ್ಲಿ."

ಕಾಗದ ಚರಚರನೆ ಹರಿಯಿತು. ಗಾಜಿನ ಹಿಂದೆ ಹಳೆಯ ಹಾಜರಿ ಪುಸ್ತಕದ ಪುಟಗಳು, ಆಫೀಸಿನಲ್ಲಿ ಕೇಳಿ ಪಡೆದು ದೊಡ್ಡದು ಮಾಡಿಸಿದ ಬಣ್ಣದ ಪ್ರತಿ. ಉಷಾರಾಣಿಯ ಹೆಸರಿನ ಒಂದೇ ಸಾಲಿನಲ್ಲಿ ಕೆಂಪು.

"ಮೂವತ್ತೊಂದು ದಿನ ನಾನು ತರಗತಿಯಲ್ಲೇ ಇದ್ದೆ," ಉಷಾರಾಣಿ ಮೈಕಿಗೆ ಹೇಳಿದಳು. "ಇವರು ಇಲ್ಲ ಅಂತ ಬರೆದರು. ಯಾಕೆ ಅಂತ ಇವತ್ತಾದರೂ ಹೇಳಲಿ."

ಮುಂದಿನ ಸಾಲಿನಲ್ಲಿ ತಿಮ್ಮಯ್ಯ ಎದ್ದು ನಿಂತ. "ಹೇಳಿ ಮೇಡಂ!" ಎಂದು ಗುಡುಗಿದ. ಪಕ್ಕದಲ್ಲಿ ವನಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೇಡಂ ಒಮ್ಮೆ ತಿಮ್ಮಯ್ಯನನ್ನು, ಒಮ್ಮೆ ವನಜಮ್ಮನನ್ನು ನೋಡಿದರು.

"ತಪ್ಪು ನನ್ನದೇ," ಎಂದರು ಮೈಕಿಗೆ. ಶಾಲನ್ನು ಮಡಚಿ ಮೇಜಿನ ಮೇಲಿಟ್ಟು, ಚೌಕಟ್ಟನ್ನು ಎದೆಗವುಚಿಕೊಂಡು ಮೆಟ್ಟಿಲಿಳಿದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೇಕಾಗಿಯೂ ಇರಲಿಲ್ಲ. ಮೂರು ವರ್ಷದ ಮೇಲೆ ಉಷಾರಾಣಿಗೆ ಎದೆ ಹಗುರಾಗಿತ್ತು.

ಗೇಟಿನ ಹೊರಗೆ ಧರ್ಮೇಶ್ ಜೀಪಿನ ಹಾರನ್ ಒತ್ತಿದ. "ಏಯ್, ಇನ್ನೂ ಎಷ್ಟೊತ್ತೇ? ಮನೇಲಿ ಒಲೆ ಯಾರು ಹಚ್ಚೋದು?" ವೀಣಾ ಚಪ್ಪಲಿ ಎಳೆಯುತ್ತ ಓಡಿದಳು. ತಿಮ್ಮಯ್ಯ ಗೆದ್ದವನಂತೆ ಸ್ಕೂಟರ್ ತರಲು ಹೋದ.

ಅವನು ಮರೆಯಾಗುವವರೆಗೆ ಕಾದು ವನಜಮ್ಮ ಮಗಳ ರಟ್ಟೆ ಹಿಡಿದಳು. ಕಣ್ಣು ಕೆಂಡವಾಗಿತ್ತು.

"ಹತ್ತನೇ ಕ್ಲಾಸ್ ಪಾಸಾದ ತಿಂಗಳೇ ನಿನ್ನನ್ನ ಧರ್ಮೇಶನಿಗೆ ಕೊಡ್ತೀನಿ ಅಂತ ನಿಮ್ಮಪ್ಪ ಅವರಕ್ಕನಿಗೆ ಮಾತು ಕೊಟ್ಟಿದ್ರು, ನೀನು ಪರೀಕ್ಷೆಗೆ ಕೂರದ ಹಾಗೆ ಮಾಡಿ ಅಂತ ಮೇಡಂ ಕಾಲು ಹಿಡಿದವಳು ನಾನು."