ಸಹಿಯ ಜಾಗದಲ್ಲಿ

"ಅಪ್ಪಾ, ನಾವು ಮರೆತ ಖಾತೆಗೂ ಪರದೇಶದ ಬ್ಯಾಂಕಿನೋರು ವರ್ಷವರ್ಷ ಶುಲ್ಕ ಮುರ್ಕೊಂಡಿದ್ದಾರೆ. ಮುಚ್ಚದಿದ್ರೆ ಉಳಿದದ್ದನ್ನೂ ನುಂಗಿ ನೀರು ಕುಡೀತಾರೆ. ಸಹಿ ಹಾಕಿ," ಎಂದಳು ಮಗಳು. ಮುದಿ ದರ್ಜಿ ಪೆನ್ನಿನ ಮುಚ್ಚಳ ತೆಗೆದ. ಮದುವೆಯಾದ ಹೊಸತರಲ್ಲಿ, ಅಲ್ಲಿ ಬಟ್ಟೆ ಹೊಲಿಯುತ್ತಿದ್ದಾಗ, ಗಂಡಹೆಂಡಿರು ಕೂಡಿ ತೆರೆದ ಖಾತೆ ಅದು.

ಬ್ಯಾಂಕಿನಿಂದ ಬಂದ ಪತ್ರದೊಡನೆ ಅಂದಿನ ಸಹಿಗಳ ನಕಲಿತ್ತು. ಹೆಂಡತಿಯ ಸಹಿ ಇರಬೇಕಾದಲ್ಲಿ ಅಂಕುಡೊಂಕಾಗಿ ಅವನದೇ ಹೆಸರು! ಅಂದು ಅವಳು ಕೈ ಮರೆಮಾಡಿ ಬರೆದಿದ್ದಳು. ನಮ್ಮ ಲಿಪಿ ತಿಳಿಯದ ಗುಮಾಸ್ತ ಒಪ್ಪಿಕೊಂಡಿದ್ದ.

"ಸೀಮೆಸುಣ್ಣ ಹಿಡಿಸಿ ನಾನು ಕಲಿಸಿದ್ದು ಅವಳ ಹೆಸರು ಕಣಮ್ಮ. ಇದನ್ನ ಯಾವಾಗ ಕಲಿತಳೋ!"

ಬಾಳಿಡೀ "ರೀ" ಎಂದೇ ಕರೆದವಳು ದೇವರ ಪಾದ ಸೇರಿ ವರ್ಷ ತುಂಬಿರಲಿಲ್ಲ. ಅವನು ಪೆನ್ನಿಗೆ ಮುಚ್ಚಳ ಹಾಕಿದ.

"ಶುಲ್ಕ ನಾನು ಕಟ್ತೀನಿ. ಖಾತೆ ಇರಲಿ."